ಬರದ ಜಿಲ್ಲೆಯ ಹಾಯಿಕಂಬ

ನೀವು ಕುಂದಾಪುರದವರು, ನಿಮಗೆ ಅನುಮಾನ ಬಂದಿದ್ದು ಸಹಜ. ನಾನು ಕಳಿಸಿದ ಫೋಟೋದಲ್ಲಿ ಕೆರೆ ಏರಿ ಪಕ್ಕ ನೆಟ್ಟಿರುವ ಬೊಂಬು ನೋಡಿ, 'ಇದು ಹಾಯಿಕಂಬ ಅಲ್ವಾ? ಕೋಲಾರದಲ್ಲಿ ಯಾಕೆ?' ಅಂತ ಕೇಳಿದಿರಿ. ಹೌದು, ಹಾಯಿಕಂಬವೇ. ನನ್ನ ಕ್ಲಾಸ್‌ಮೇಟ್ ಒಬ್ಬನದು. ಅವನು ಈಗ ಇಲ್ಲ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಮೊದಲು ನಮ್ಮೂರು ಎಲ್ಲಿದೆ ಅಂತ ಹೇಳ್ತೀನಿ. ಮುಳಬಾಗಿಲಿನಿಂದ ತಿರುಪತಿ ಕಡೆ ಹೊರಟರೆ ನಂಗಲಿ ಸಿಗುತ್ತೆ. ಅದು ದಾಟಿದರೆ ಆಂಧ್ರ. ಆ ರಸ್ತೆಯಿಂದ ಒಳಗೆ ನಮ್ಮೂರು. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕೆಜಿಎಫ್ ಕಡೆ ನೆಂಟರು ಬಂದರೆ ತಮಿಳು. ಅಮ್ಮ ಬೈಯೋದು ತೆಲುಗಲ್ಲಿ, ನಾನು ಡೈರಿ ಬರೆಯೋದು ಕನ್ನಡದಲ್ಲಿ. ಇದರಲ್ಲಿ ನಮಗೆ ಯಾವ ಗೊಂದಲವೂ ಇಲ್ಲ, ಕೇಳುವವರಿಗೇ ಜಾಸ್ತಿ.

ಇಲ್ಲದಿರೋದು ನೀರು. ವರ್ಷಪೂರ್ತಿ ಹರಿಯುವ ಹೊಳೆ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಪಾಲಾರ್ ನಂದಿಬೆಟ್ಟದ ಕಡೆ ಹುಟ್ಟಿ, ಬೇತಮಂಗಲದ ಮೇಲೆ ಹಾದು ಆಂಧ್ರಕ್ಕೂ ಆಮೇಲೆ ತಮಿಳುನಾಡಿಗೂ ಹೋಗುತ್ತೆ ಅಂತ ಪುಸ್ತಕದಲ್ಲಿ ಓದಿದ್ದೆವು. ಕಣ್ಣಿಗೆ ಕಂಡಿದ್ದು ಮರಳು. ನಮ್ಮ ಜೀವ ಇರೋದು ಕೆರೆಗಳಲ್ಲಿ. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಾವು ಹುಡುಗರಾಗಿದ್ದಾಗ ಮುಕ್ಕಾಲು ವರ್ಷ ಕೆರೆ ಅಂದರೆ ಕ್ರಿಕೆಟ್ ಗ್ರೌಂಡು.

ಇಂಥ ಊರಲ್ಲಿ ಅವನಿಗೆ ದೋಣಿ ಹುಚ್ಚು. ನಾವು ಏಳನೇ ಕ್ಲಾಸಲ್ಲಿದ್ದಾಗ ಕೆರೆಗೆ ಅರ್ಧ ನೀರು ಬಂತು. ಅವನು ಬಾಳೆದಿಂಡು ಬಿಗಿದು ತೆಪ್ಪ ಮಾಡಿದ. ಅಷ್ಟು ಎಲ್ಲ ಹುಡುಗರೂ ಮಾಡ್ತಾರೆ. ಇವನು ಮಧ್ಯೆ ಒಂದು ಕೋಲು ನಿಲ್ಲಿಸಿ ತಾತನ ಪಂಚೆ ಕಟ್ಟಿದ. ಗಾಳಿ ಬೀಸಿತು, ತೆಪ್ಪ ಹೊರಟೇಬಿಟ್ಟಿತು. ನಿಲ್ಲಿಸೋದು ಹೇಗೆ ಅಂತ ಅವನಿಗೆ ಗೊತ್ತಿಲ್ಲ. ಆಚೆ ದಡದ ಜಾಲಿಮುಳ್ಳಿಗೆ ಹೋಗಿ ಸಿಕ್ಕಿಕೊಂಡ. ಪಂಚೆ ಚಿಂದಿ. ತಾತ ಬಾರಿಸಿದ್ದು ಇಡೀ ಬೀದಿಗೆ ಕೇಳಿಸಿತು. ಮಾರನೇ ದಿನ ಹಾಜರಿ ಕರೆಯುವಾಗ ಮೇಷ್ಟ್ರು, 'ಹಡಗು ಬಂದಿದೆಯೇನ್ರೋ?' ಅಂದರು. ಅವತ್ತಿನಿಂದ ಅವನು ಹಡಗು. ಮದುವೆ ಪತ್ರಿಕೆ ಕೈಗೆ ಬಂದಾಗ ವರ ಯಾರು ಅಂತ ನಮ್ಮಲ್ಲಿ ಇಬ್ಬರು ಕೇಳಿದ್ದರು.

ಎಸ್ಸೆಸ್ಸೆಲ್ಸಿ ಆದ ಮೇಲೆ ಮಿಲಿಟರಿಗೆ ಹೋದ. ಬೆಂಗಳೂರಿನ ಎಂಇಜಿ, ಅಂದರೆ ಮದ್ರಾಸ್ ಸ್ಯಾಪರ್ಸ್. ಸೇತುವೆ ಕಟ್ಟೋದು, ಮೈನ್ ತೆಗೆಯೋದು, ಸೈನ್ಯವನ್ನು ಹೊಳೆ ದಾಟಿಸೋದು ಅವರ ಕೆಲಸ. ಅವರ ಸೆಂಟರ್ ಇರೋದು ಹಲಸೂರು ಕೆರೆ ಪಕ್ಕ. ಆ ಕೆರೆಯಲ್ಲೇ ಅವರು ಹಾಯಿದೋಣಿ ಓಡಿಸ್ತಾರೆ. ಹಡಗಿಗೆ ಇನ್ನೇನು ಬೇಕು! ಮೊದಲ ವಾರ ಒಬ್ಬ ತಮಿಳು ಹುಡುಗ ಅವನಿಗೆ, ಭಾನುವಾರ ಏರಿಯಲ್ಲಿ ಬೋಟ್ ಬಿಡ್ತಾರೆ ಅಂದನಂತೆ. ತಮಿಳಿನಲ್ಲಿ ಏರಿ ಅಂದರೆ ಕೆರೆ. ನಮಗೆ ಏರಿ ಅಂದರೆ ಕೆರೆಯ ಕಟ್ಟೆ. ಮಣ್ಣಿನ ಕಟ್ಟೆ ಮೇಲೆ ಅದೇನು ಬೋಟ್ ಬಿಡ್ತಾರೋ ನೋಡೋಣ ಅಂತಲೇ ಇವನು ಹೋಗಿದ್ದು. ಈ ಕಥೆಯನ್ನು ನಮಗೆ ನೂರು ಸಲ ಹೇಳಿದ್ದಾನೆ.

ರಜೆಗೆ ಬಂದಾಗೆಲ್ಲ ಗಾಳಿಯ ಪಾಠ. ಹಾಯಿದೋಣಿ ಗಾಳಿಗೆ ಎದುರಾಗಿ ನೇರ ಹೋಗಲ್ಲ, ಓರೆಯಾಗಿ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಹೋಗಿ ಮುಂದಕ್ಕೆ ಬರಬೇಕು ಅಂತಿದ್ದ. ನಿಮಗಿದು ಹೊಸದಲ್ಲ. ನಮಗೆ, ತಾಲೂಕು ಕಚೇರಿಗೆ ಪಹಣಿಗಾಗಿ ಅಲೆದವರಿಗೆ, ತಕ್ಷಣ ಅರ್ಥ ಆಯ್ತು.

ಹವಾಲ್ದಾರ್ ಆಗಿ ನಿವೃತ್ತಿ ಪಡೆದು 2014ರಲ್ಲಿ ಊರಿಗೆ ಬಂದ. ಅವನ ಜೊತೆಯವರು ಬೆಂಗಳೂರಲ್ಲಿ ಸೆಕ್ಯುರಿಟಿ ಕೆಲಸ ಹಿಡಿದರು. ಇವನು ಹಸು ಕಟ್ಟಿದ, ಟೊಮೆಟೊ ಹಾಕಿದ, ಸಂಜೆಯಾದರೆ ಒಣಗಿದ ಕೆರೆಯೊಳಗೆ ಓಡಾಡಿದ. ಕೆರೆ ತುಂಬ ಜಾಲಿ. ರಾಜಕಾಲುವೆಯನ್ನು ಅಕ್ಕಪಕ್ಕದವರು ಒತ್ತಿ ಒತ್ತಿ ಎತ್ತಿನಗಾಡಿ ಅಗಲಕ್ಕೆ ತಂದಿದ್ದರು. ತೂಬು ಮುರಿದಿತ್ತು. ತೂಬು ತೆಗೆದು ಹೊಲಗಳಿಗೆ ನೀರು ಬಿಡುವ ನೀರುಗಂಟಿ ಮನೆಯವರು ಪೇಟೆ ಸೇರಿದ್ದರು. ಬೋರ್‌ವೆಲ್ 1,200 ಅಡಿ ಹೋದರೂ ಬರೀ ದೂಳು ಬರುವ ಕಾಲ ಅದು, ಕೆರೆ ಯಾರಿಗೆ ಬೇಕು?

ಅವನಿಗೆ ಬೇಕಿತ್ತು. ಮುಚ್ಚಿಟ್ಟುಕೊಳ್ಳೋಕೆ ಏನೂ ಇಲ್ಲ, ಅವನಿಗೆ ಬೇಕಿದ್ದು ದೋಣಿ ಬಿಡೋಕೆ. ಸಮಾಜಸೇವೆ ಅಂತ ಯಾರಾದರೂ ಅಂದರೆ ಕೋಪ ಮಾಡ್ಕೊಳ್ತಿದ್ದ. 'ನೀರಿಲ್ಲದೆ ಹಾಯಿ ಏನು ಮಾಡ್ಲಿ, ಹೊದ್ಕೊಂಡು ಮಲಗ್ಲಾ?' ಅನ್ನೋನು. ಭಾನುವಾರ ಭಾನುವಾರ ಜಾಲಿ ಕಡಿಸಿದ. ಮೊದಲು ಮೂರು ಜನ, ಆಮೇಲೆ ಮೂವತ್ತು. ಒತ್ತುವರಿದಾರರಲ್ಲಿ ಅವನ ಸ್ವಂತ ಚಿಕ್ಕಪ್ಪನೂ ಒಬ್ಬರು. ಆ ಜಗಳ ಬರೆಯಲ್ಲ, ಎರಡು ಮನೆಗೂ ನಾನು ಹೋಗಿ ಬರಬೇಕು. ಚಿಕ್ಕಪ್ಪ ಜಾಗ ಬಿಟ್ಟರು ಅಂತಷ್ಟೇ ಹೇಳ್ತೀನಿ.

ಅವನು ಮಾಡಿದ್ದರಲ್ಲಿ ನನಗೆ ದೊಡ್ಡದು ಅನಿಸೋದು ಬೇರೆ. ಹೊಲಕ್ಕೆ ಗೋಡು, ಇಟ್ಟಿಗೆಗೆ ಮಣ್ಣು ಅಂತ ಜೆಸಿಬಿ ತೋಡಿದ ಗುಂಡಿಗಳು ಕೆರೆಯೊಳಗೆ ಹನ್ನೊಂದಿದ್ದವು. ನೀರು ಬಂದರೆ ಮೇಲೆ ಎಲ್ಲ ಒಂದೇ ಸಮ ಕಾಣುತ್ತೆ. ಮೊಣಕಾಲುದ್ದ ನೀರಲ್ಲಿ ನಡೀತಿದ್ದ ಮಗು ಒಂದು ಹೆಜ್ಜೆಗೆ ಮುಳುಗುತ್ತೆ. ನಮ್ಮ ಕಡೆ ಮಕ್ಕಳು ಸಾಯೋದು ಹೀಗೇ. ಅವನು ಕೆರೆ ಒಣಗಿದ್ದಾಗಲೇ ಒಂದೊಂದು ಗುಂಡಿ ಪಕ್ಕಕ್ಕೂ ಉದ್ದನೆಯ ಬೊಂಬು ಹೂತು ಕೆಂಪು ಬಟ್ಟೆ ಕಟ್ಟಿದ. ಮಳೆ ಹನಿ ಇಲ್ಲದ ಬೇಸಿಗೆಯಲ್ಲಿ ಅದನ್ನು ನೋಡಿ ಜನ ನಕ್ಕರು. ನಾನೂ ನಕ್ಕೆ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ. ನಮ್ಮ ಕೆರೆಗೆ ಅದು ಬರಲಿಲ್ಲ. ನಮಗೆ ಮಳೆರಾಯನೇ ಗತಿ. ಅವನು 2021ರ ನವೆಂಬರ್‌ನಲ್ಲಿ ಬಂದ. ಬಂದವನು ನಿಲ್ಲಲೇ ಇಲ್ಲ. ಕೋಡಿ ಹರಿದು ಕೆಳಗಿನ ರಸ್ತೆ ಕೊಚ್ಚಿಹೋಯ್ತು, ಆಚೆ ದಡದ ಹಟ್ಟಿಗೆ ದಾರಿಯೇ ಇಲ್ಲ.

ಹೊರಗಿನವರಿಗೆ ಇದು ಗೊತ್ತಿರಲ್ಲ. ನಮ್ಮಲ್ಲಿ ಬೆಳೆ ಕೈಕೊಟ್ಟರೂ ಮನೆ ನಡೆಸೋದು ಹಾಲು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೈರಿಗೆ ಹಾಕಲೇಬೇಕು. ಹಸು ಮಳೆ ಅಂತ ಕೆಚ್ಚಲು ಕಟ್ಟಿಕೊಂಡು ಕೂರಲ್ಲ. ಹಡಗು ಅಷ್ಟೊತ್ತಿಗೆ ಒಂದು ದೋಣಿ ಮಾಡಿಟ್ಟಿದ್ದ. ಅಡಿಗೆ ನಾಲ್ಕು ನೀಲಿ ಡ್ರಮ್ಮು, ಮೇಲೆ ಬೊಂಬಿನ ಅಟ್ಟ, ಹಳೇ ಬಾಗಿಲಿನ ಹಲಗೆಯಿಂದ ಚುಕ್ಕಾಣಿ, ಗೊಬ್ಬರದ ಚೀಲಗಳನ್ನು ಬಿಚ್ಚಿ ಟೈಲರ್ ಕೈಲಿ ಹೊಲಿಸಿದ ಹಾಯಿ. ಅದರ ಮೇಲೆ ಯೂರಿಯಾ ಅಂತ ನಾಲ್ಕು ಕಡೆ ಓದಬಹುದಿತ್ತು. ಕೋಡಿಯ ಸೆಳೆತದಿಂದ ದೂರ, ಕೆರೆಯ ಹಿಂಭಾಗದಲ್ಲಿ ಸುತ್ತಿ, ಐದು ದಿನ ಎರಡು ಹೊತ್ತು ಹಾಲಿನ ಕ್ಯಾನು ಸಾಗಿಸಿದ. ಮೊದಲ ನಾಲ್ಕು ದಿನ ಬೊಂಬು ಊರಿಕೊಂಡೇ ಬಂದ. ಆ ಕೆಂಪು ಬಟ್ಟೆಗಳನ್ನು ನೋಡಿಕೊಂಡೇ ದಾರಿ ಹಿಡೀತಿದ್ದ. ಐದನೇ ದಿನ ಬೆಳಿಗ್ಗೆ ಮೂಡಗಾಳಿ ಎದ್ದಿತು. ಅವನು ಹಾಯಿ ಬಿಚ್ಚಿದ. ಏರಿ ಮೇಲೆ ಡೈರಿ ಸೆಕ್ರೆಟರಿ ಹಾಲಿನ ಗಟ್ಟಿ ನೋಡುವ ಲ್ಯಾಕ್ಟೋಮೀಟರ್ ಹಿಡ್ಕೊಂಡೇ ಬಾಯಿ ತೆರೆದು ನಿಂತುಬಿಟ್ಟರು. ಹತ್ತಿರ ಬಂದ ಹಡಗು ಮೊದಲು ಹೇಳಿದ್ದು, 'ಅಲುಗಾಡಿಲ್ಲ, ಬೇಕಾದ್ರೆ ಡಿಗ್ರಿ ನೋಡಿ.'

ಅವನದೊಂದು ದೂರು ಇತ್ತು. ಆಷಾಢದಲ್ಲಿ ಗಾಳಿ ಇರುತ್ತೆ, ನೀರಿರಲ್ಲ. ನಮಗೆ ಮಳೆ ಜಾಸ್ತಿ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕಾರ್ತಿಕಕ್ಕೆ ನೀರಿರುತ್ತೆ, ಆಗ ಗಾಳಿ ಸತ್ತಿರುತ್ತೆ. 2022ರ ಆಷಾಢದಲ್ಲಿ ಮಾತ್ರ ಹಳೇ ನೀರು ಇನ್ನೂ ನಿಂತಿತ್ತು. ನನ್ನನ್ನೂ ಕೂರಿಸಿಕೊಂಡು ಹೋದ. ಮಧ್ಯದಲ್ಲಿ ದಿಕ್ಕು ತಿರುಗಿಸುವಾಗ 'ಬಗ್ಗೋ!' ಅಂದ. ನಾನು 'ಏನು?' ಅಂದೆ. ಹಾಯಿಯ ಅಡ್ಡಗಳ ಬಂದು ಹಣೆಗೆ ಬಡೀತು. ಆ ಗುರುತು ಇನ್ನೂ ಇದೆ.

ಎರಡು ವರ್ಷದ ಹಿಂದೆ, ಬೆಳಗಿನ ಹಾಲು ಕರೆದು ಮುಗಿಸಿ ಎದೆನೋವು ಅಂದ. ಕೋಲಾರಕ್ಕೆ ಹೋಗುವ ದಾರಿಯಲ್ಲೇ ಹೋಗಿಬಿಟ್ಟ. ಮೂರು ಭಾಷೆಯಲ್ಲಿ ಅತ್ತರು. ಅವತ್ತು ಸಂಜೆ ಡೈರಿಗೆ ಹಾಲು ಬಂದಿದ್ದು ತಡವಾಗಿ.

ಡ್ರಮ್ಮುಗಳನ್ನು ಅವನ ಮಗಳು ಹಸುವಿನ ನೀರಿಗೆ ಇಟ್ಟುಕೊಂಡಿದ್ದಾಳೆ. ಕಂಬವನ್ನು ನಾವು ಏರಿ ಹತ್ತಿರ ನೆಟ್ಟು ಅಡಿ ಅಡಿಗೆ ಬಣ್ಣದ ಗೆರೆ ಹಾಕಿದೆವು, ನೀರು ಎಷ್ಟಿದೆ ನೋಡೋಕೆ. ನಿಮಗೆ ಕಳಿಸಿದ ಫೋಟೋದಲ್ಲಿ ನೀರು ಆರನೇ ಗೆರೆಗಿದೆ. ನಿಮ್ಮ ಚಿಕ್ಕ ದೋಣಿ ತರ್ತೀನಿ ಅಂದಿದ್ದೀರಲ್ಲ, ಖಂಡಿತ ತನ್ನಿ, ಆರು ಗೆರೆ ನೀರು ಸಾಕು. ಆದರೆ ತೂಬಿನ ಎಡಕ್ಕೆ ಹೋಗಬೇಡಿ. ಅಲ್ಲಿ ಜಾಲಿ ಬೊಡ್ಡೆಗಳು ಇನ್ನೂ ಇವೆ, ಆ ಒಂದು ಮೂಲೆ ಕಡಿಯೋದು ಅವನಿಗೆ ಬಾಕಿ ಉಳೀತು.