ಒಳ್ಳೆಮೆಣಸಿನ ರೇಟು ಮತ್ತು ನಮ್ಮ ಊರಿನ ದೇವಸ್ಥಾನ, ಮಸೀದಿ, ಇಗರ್ಜಿ

ಓದುಗರ ಪತ್ರ: ‘ಎಲ್ಲ ಮತದವರೂ ಸೇರಿ ನ್ಯಾಯದ ವ್ಯಾಪಾರಕ್ಕಾಗಿ ದನಿ ಎತ್ತಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ರೇಟು ನಿಗದಿಯಾಗುವುದು ದೆಹಲಿಯಲ್ಲಿ, ವಿಶ್ವ ವ್ಯಾಪಾರ ಸಂಸ್ಥೆ ಇರುವ ಜಿನೀವಾದಲ್ಲಿ. ಭಟ್ಟರು, ಉಸ್ತಾದರು, ಪಾದ್ರಿಗಳು ಸೇರಿ ಏನು ಮಾಡಿಯಾರು? ಹೊರಗಿನ ಮೆಣಸು ಬರುವುದು ನಿಂತರೆ ನಮಗೆ ಸಾಕು.’
– ಬದಿಯಡ್ಕದ ಒಬ್ಬ ಕೃಷಿಕರು

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸರಿಯಾದದ್ದೇ. ಆಮದು ಸುಂಕ ಇಳಿಸುವ ಶ್ರೀಲಂಕಾ ಜೊತೆಗಿನ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು, ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನದು 2010ರ ಜನವರಿಯಲ್ಲಿ. ಆಮೇಲೆ ಬೆಳೆಗಾರರು ಬೊಬ್ಬೆ ಹೊಡೆದ ಮೇಲೆಯೇ ಆಮದಿಗೆ ಕನಿಷ್ಠ ಬೆಲೆ, ಅಂದರೆ ಅದಕ್ಕಿಂತ ಅಗ್ಗಕ್ಕೆ ಹೊರಗಿನ ಮಾಲು ತರಬಾರದೆಂಬ ನಿಯಮ, ಬಿಗಿಯಾದದ್ದು. ಒಳ್ಳೆಮೆಣಸಿಗೆ (ಕರಿಮೆಣಸಿಗೆ) 2017ರಲ್ಲಿ ಕಿಲೋಗೆ 500 ರೂಪಾಯಿ ಎಂದಾಯಿತು, ಅಡಿಕೆಯದು 2023ರಲ್ಲಿ 351 ರೂಪಾಯಿಗೆ ಏರಿತು. ಇದೆಲ್ಲ ಬೇಕಿತ್ತು, ಇನ್ನೂ ಬೇಕು.

ಆದರೆ ಜಿನೀವಾ ನಮ್ಮ ಕೈಗೆ ಸಿಗದ ಜಾಗ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕ ನೆನಪಿದೆ ಅಲ್ವಾ? ನಮ್ಮ ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ವಿಷ ಸುರಿದರು. ಎಣ್ಮಕಜೆಯ ಪಡ್ರೆಯಂಥ ಊರುಗಳ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. ನೊಂದ ಮನೆಗಳಲ್ಲಿ ಎಲ್ಲ ಮತದವರೂ ಇದ್ದರು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ವಿಷಕಾರಿ ರಾಸಾಯನಿಕಗಳನ್ನು ತಡೆಯುವ ಒಪ್ಪಂದ) ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದ್ದು ಅದೇ ಜಿನೀವಾದಲ್ಲಿ ಕೂತು. ಮೊದಲು ವಿರೋಧಿಸಿದ ಭಾರತವೂ ಕೊನೆಗೆ ಒಪ್ಪಿತು. ನಮ್ಮ ಜಿಲ್ಲೆಯ ಕೂಗು ಅಲ್ಲಿವರೆಗೆ ಕೇಳಿಸಿದೆ.

ಇನ್ನು, ದೇವರ ಮನೆಗೂ ವ್ಯಾಪಾರಕ್ಕೂ ಏನು ಸಂಬಂಧ ಎಂಬ ನಿಮ್ಮ ಮುಖ್ಯ ಪ್ರಶ್ನೆ. ದೇವಸ್ಥಾನದ ಬ್ರಹ್ಮಕಲಶದ ಉಗ್ರಾಣಕ್ಕೆ ಒಮ್ಮೆ ಹೋಗಿ ನೋಡಿ. ಪಾಯಸಕ್ಕೆ ಗೇರುಬೀಜ, ಸಾರಿಗೆ ಒಳ್ಳೆಮೆಣಸು, ಸಕ್ಕರೆ, ಕಾಫಿಪುಡಿ, ಎಲ್ಲವೂ ಮೂಟೆಗಟ್ಟಲೆ. ಉರೂಸಿನ ನೈಚೋರಿಗೂ (ತುಪ್ಪದನ್ನಕ್ಕೂ) ಅಷ್ಟೇ, ಇಗರ್ಜಿಯ ಹಬ್ಬಕ್ಕೂ ಅಷ್ಟೇ. ನಮ್ಮ ಕಡೆ ಇಷ್ಟು ದೊಡ್ಡ ಗಿರಾಕಿ ಬೇರೆ ಯಾರಿದ್ದಾರೆ? ಆ ಗಿರಾಕಿಗಳು ‘ಇದನ್ನು ಬೆಳೆದವನಿಗೆ ಎಷ್ಟು ಸಿಕ್ಕಿತು’ ಎಂದು ಅಂಗಡಿಯವರನ್ನು ಕೇಳುವುದೇ ಇಲ್ಲ. ಮೂವರೂ ಒಟ್ಟಿಗೆ ಕೇಳಿದರೆ ಉತ್ತರ ಕೊಡದೆ ಆಗುವುದಿಲ್ಲ. ಒಟ್ಟಿಗೆ ಕೂರುವುದು ನಮಗೆ ಹೊಸತೂ ಅಲ್ಲ. ಮಂಜೇಶ್ವರದ ಉದ್ಯಾವರ ಮಾಡ ಎಂಬ ದೈವಸ್ಥಾನದಿಂದ ದೈವದ ಪಾತ್ರಿಗಳೇ ಸಾವಿರ ಜಮಾಅತ್ ಮಸೀದಿಗೆ ಹೋಗಿ ಜಾತ್ರೆಗೆ ಕರೆಯುತ್ತಾರೆ.

ಇದು ಹೊರಗೆ ನಡೆದು ತೋರಿಸಿದ ಕೆಲಸ. 1791ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರ ನಿಲ್ಲಿಸಲು ಒಪ್ಪದಿದ್ದಾಗ, ಕ್ವೇಕರ್ ಎಂಬ ಕ್ರೈಸ್ತ ಪಂಥದವರೂ ಇತರರೂ ಗುಲಾಮರು ಬೆಳೆದ ಸಕ್ಕರೆ ಬಿಟ್ಟರು. ಲಕ್ಷಾಂತರ ಜನರಿಗೆ ಅದು ಹಬ್ಬಿತು. ಮೆಕ್ಸಿಕೋದ ಗುಡ್ಡಗಳಲ್ಲಿ ಬಡ ಕಾಫಿ ಬೆಳೆಗಾರರ ಜೊತೆ ಬದುಕಿದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್, ದಲ್ಲಾಳಿಗಳನ್ನು ಬಿಟ್ಟು ನೇರ ಮಾರಲು ಅವರ ಸಹಕಾರ ಸಂಘ ಕಟ್ಟಲು ನೆರವಾದರು. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೊದಲ ಫೇರ್ ಟ್ರೇಡ್ (ನ್ಯಾಯದ ವ್ಯಾಪಾರ) ಮುದ್ರೆ ಬಂದದ್ದು ಆ ಕಾಫಿಯಿಂದ. ಲೆಕ್ಕ ಸುಲಭ: ಮಾರುಕಟ್ಟೆ ಬಿದ್ದರೂ ಬೆಳೆಗಾರನಿಗೆ ಒಂದು ಕನಿಷ್ಠ ಬೆಲೆ, ಅದರ ಮೇಲೆ ಸಂಘಕ್ಕೆ ಸ್ವಲ್ಪ ಹೆಚ್ಚಿನ ಹಣ. ಆ ಹಣ ಬಾವಿಗೋ ಶಾಲೆಗೋ ಎಂದು ಬೆಳೆಗಾರರೇ ಕೂತು ತೀರ್ಮಾನಿಸುತ್ತಾರೆ. ನಮ್ಮ ಜಿಲ್ಲೆಯ ಕೃಷಿಕರೂ ಇರುವ ಫೇರ್ ಟ್ರೇಡ್ ಅಲಯನ್ಸ್ ಕೇರಳ ಇದೇ ದಾರಿಯಲ್ಲಿ ಗೇರುಬೀಜ, ಕಾಫಿ, ಮೆಣಸು ಹೊರಗೆ ಕಳಿಸುತ್ತಿದೆ.

ಸಂಘದ ಬಲ ನಿಮಗೆ ನಾನು ಹೇಳಬೇಕಾಗಿಲ್ಲ. ಅಡಿಕೆ ಬೆಲೆ ಕುಸಿದಾಗ ಕರ್ನಾಟಕ, ಕೇರಳ ಎರಡೂ ರಾಜ್ಯದವರು ಸೇರಿ 1973ರಲ್ಲಿ ಕ್ಯಾಂಪ್ಕೊ ಎಂಬ ಬೆಳೆಗಾರರ ಸಹಕಾರ ಸಂಸ್ಥೆ ಕಟ್ಟಿದರು. ಕೊಕ್ಕೋ ಕೇಳುವವರಿಲ್ಲದಾಗಲೂ ಕೊಂಡದ್ದು ಅದೇ ಸಂಸ್ಥೆ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಎದ್ದಿತು.

ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಜಾಸ್ತಿ ಕಾಡಿತು. ಹೊರಗಿನ ಮೆಣಸು ಎಂದಿರಿ. ಅದನ್ನು ಬೆಳೆದ ವಿಯೆಟ್ನಾಮಿನ ರೈತನೂ ಸಾಲ ಮಾಡಿಯೇ ಬಳ್ಳಿ ನೆಟ್ಟವನು. ಬೆಲೆ ಬಿದ್ದಾಗ ಅವನೂ ಮುಳುಗಿದ್ದಾನೆ. ಐವರಿ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುವ ದೇಶ. ಅದರಲ್ಲಿ ಹೆಚ್ಚಿನದು ಸಿಪ್ಪೆ ಸಮೇತ ಭಾರತಕ್ಕೂ ವಿಯೆಟ್ನಾಮಿಗೂ ಬರುತ್ತದೆ. ಸುಲಿದು, ಹುರಿದು, ಪೊಟ್ಟಣ ಕಟ್ಟಿದ ಮೇಲಿನ ಲಾಭ ಅಲ್ಲಿಯ ಬೆಳೆಗಾರನಿಗೆ ತಲುಪುವುದಿಲ್ಲ. ಅಲ್ಲಿ ಮುಸ್ಲಿಮರೂ ಕ್ರೈಸ್ತರೂ ಅಕ್ಕಪಕ್ಕದ ಊರುಗಳಲ್ಲಿ ಬೆಳೆಯುತ್ತಾರೆ. ರೈತ ಸಂಘಟನೆ ನಮ್ಮ ಬೆಲೆಗಾಗಿ ಹೋರಾಡಬೇಕು, ಅದು ಅದರ ಕೆಲಸ. ಅಲ್ಲಿಯವನ ಕಷ್ಟವನ್ನೂ ನಮ್ಮದೆಂದು ಹೇಳಲು ಬೇರೆಯವರು ಬೇಕು. ಗಡಿಯಾಚೆ ತಮ್ಮವರಿದ್ದಾರೆ ಎಂದು ದಿನಾ ಪ್ರಾರ್ಥಿಸುವವರು ಅದನ್ನು ಹೇಳದಿದ್ದರೆ ಇನ್ನು ಯಾರು ಹೇಳುತ್ತಾರೆ? ಇದಕ್ಕಾಗಿಯೇ ನಾನು ಮೂವರನ್ನೂ ಒಟ್ಟಿಗೆ ಕರೆದದ್ದು.

ನಿಮ್ಮೂರಿನ ಆಡಳಿತ ಸಮಿತಿಯಲ್ಲಿ ಪರಿಚಯದವರು ಇದ್ದೇ ಇರುತ್ತಾರೆ. ಮುಂದಿನ ಜಾತ್ರೆಯ ಸಾಮಾನಿನ ಚೀಟಿ ಬರೆಯುವ ದಿನ ಅವರ ಜೊತೆ ಕೂತು, ಮೆಣಸು ಮತ್ತು ಗೇರುಬೀಜವನ್ನು ನೇರವಾಗಿ ಬೆಳೆಗಾರರ ಸಂಘದಿಂದ ತರಿಸಲು ಆಗುತ್ತದೆಯೇ ಎಂದು ಕೇಳಿ. ಜಮಾಅತಿನವರನ್ನೂ ಇಗರ್ಜಿಯವರನ್ನೂ ನಾವು ಕೇಳುತ್ತೇವೆ. ಬಂದ ಉತ್ತರ ಏನೇ ಇರಲಿ, ಬರೆದು ಕಳಿಸಿ. ಪ್ರಕಟಿಸುತ್ತೇವೆ.