ಗಣಿಯಲ್ಲಿ ರೇಡಿಯೇಷನ್ ಕೆಲಸ: ಹೆದರುವುದಾದರೆ ಧೂಳಿಗೆ ಹೆದರಿ

ಪಶ್ಚಿಮ ಆಸ್ಟ್ರೇಲಿಯಾದ ಮಿನರಲ್ ಸ್ಯಾಂಡ್ಸ್ ಗಣಿಯಲ್ಲಿ ರೇಡಿಯೇಷನ್ ಟೆಕ್ನಿಷಿಯನ್ ಕೆಲಸ ಸಿಕ್ಕಿದೆ, ಮನೆಯವರು ಹೆದರಿದ್ದಾರೆ, ಬರಬಹುದಾ, ಜೀವನ ಹೇಗಿರುತ್ತದೆ ಅಂತ ಕೇಳಿದ್ದೀರಿ. ಧಾರಾಳವಾಗಿ ಬನ್ನಿ. ಆದರೆ ಯಾವುದಕ್ಕೆ ಹೆದರಬೇಕು ಅಂತ ತಿಳಿದುಕೊಂಡು ಬನ್ನಿ.

ನೀವು ಸೇರುತ್ತಿರುವುದು ಯುರೇನಿಯಂ ಗಣಿ ಅಲ್ಲ. ಇಲ್ಮನೈಟ್, ಜಿರ್ಕಾನ್, ರೂಟೈಲ್ ಅನ್ನುವ ಖನಿಜ ತೆಗೆಯುವ ಮರಳು ಗಣಿ. ಜೊತೆಗೆ ಸ್ವಲ್ಪ ಮೊನಜೈಟ್ ಅನ್ನುವ ಖನಿಜವೂ ಬರುತ್ತದೆ, ಅದರೊಳಗೆ ಥೋರಿಯಂ ಅನ್ನುವ ವಿಕಿರಣಶೀಲ ಧಾತು. ಗುಂಡಿಯಲ್ಲಿ ಅದು ರಾಶಿ ಮರಳಿನಲ್ಲಿ ಚದುರಿಹೋಗಿರುವುದರಿಂದ ಮೀಟರ್ ಹಿಡಿದರೂ ಅಂಥದ್ದೇನೂ ಕಾಣುವುದಿಲ್ಲ. ಒಣ ಪ್ಲಾಂಟ್‌ಗೆ ಬಂದ ಮೇಲೆ ಕಥೆಯೇ ಬೇರೆ. ಅಲ್ಲಿ ಮರಳನ್ನು ಒಣಗಿಸಿ, ಅಯಸ್ಕಾಂತ, ಹೈ ವೋಲ್ಟೇಜ್ ಬಳಸಿ ಒಂದೊಂದು ಖನಿಜವನ್ನೂ ಬೇರೆ ಮಾಡುತ್ತಾರೆ, ಮೊನಜೈಟ್ ಒಂದೇ ಕಡೆ ಗುಡ್ಡೆಯಾಗುತ್ತದೆ, ಅದರ ನುಣ್ಣನೆಯ ಧೂಳು ಗಾಳಿಗೆ ಸೇರುತ್ತದೆ. ಗಾಮಾ ಕಿರಣ ನಿಭಾಯಿಸುವುದು ಸುಲಭ: ದೂರ ನಿಲ್ಲಿ, ಹತ್ತಿರ ಕಡಿಮೆ ಹೊತ್ತು ಇರಿ. ಧೂಳು ಹಾಗಲ್ಲ. ಅದರೊಳಗಿನ ಥೋರಿಯಂ ಸೂಸುವ ಆಲ್ಫಾ ಕಣ ಹೊರಗಿದ್ದರೆ ಚರ್ಮವನ್ನೂ ದಾಟುವುದಿಲ್ಲ, ಆದರೆ ಧೂಳು ಶ್ವಾಸಕೋಶದೊಳಗೆ ಹೋಗಿ ಕೂತಿತು ಅಂದ್ರೆ ತಡೆಯುವುದಕ್ಕೆ ಏನೂ ಇರುವುದಿಲ್ಲ.

ಹಾಗಾಗಿ ನಿಮ್ಮ ಕೆಲಸದ ಬಹುಪಾಲು ಧೂಳು ಅಳೆಯುವುದೇ. ಕೆಲಸಗಾರರ ಸೊಂಟಕ್ಕೆ ಸಣ್ಣ ಪಂಪ್, ಮೂಗಿನ ಹತ್ತಿರ ಫಿಲ್ಟರ್. ಫಿಲ್ಟರ್ ಮೇಲಿನ ಆಲ್ಫಾ ಕಣಗಳನ್ನು ಕೂಡಲೇ ಎಣಿಸಬೇಡಿ, ಗಾಳಿಯಲ್ಲಿರುವ ರೇಡಾನ್, ಥೋರಾನ್ ಅನ್ನುವ ವಿಕಿರಣಶೀಲ ಅನಿಲಗಳಿಂದ ಹುಟ್ಟುವ ಅಲ್ಪಾಯುಷಿ ಮಕ್ಕಳು ಸಾಯುವವರೆಗೆ ಕೆಲವು ದಿನ ಬಿಟ್ಟು ಎಣಿಸಬೇಕು, ಇಲ್ಲದಿದ್ದರೆ ಲೆಕ್ಕ ಸುಮ್ನೆ ಉಬ್ಬುತ್ತದೆ. ಪಂಪ್ ಭಾರ ಅಂತ ಊಟದ ಕೋಣೆಯ ಮೊಳೆಗೆ ನೇತುಹಾಕಿ ಹೋಗುವವರೂ ಇದ್ದಾರೆ, ಅವರ ಫಿಲ್ಟರ್ ಬೆಳ್ಳಗೆ ಹೊಳೆಯುತ್ತಿರುತ್ತದೆ! ಸರಾಸರಿಯನ್ನು ನಂಬಿ ಕೂರಬೇಡಿ. ಜಾಸ್ತಿ ಡೋಸ್, ಅಂದರೆ ಮೈಗೆ ತಗಲುವ ವಿಕಿರಣ, ಬೀಳುವುದು ಕಸ ಗುಡಿಸುವವರಿಗೆ, ರಿಪೇರಿಗೆ ಪ್ಲಾಂಟ್ ನಿಲ್ಲಿಸುವ ಶಟ್‌ಡೌನ್‌ನಲ್ಲಿ ಗಾಳಿ ಕೊಳವೆ (ಡಕ್ಟ್) ಬಿಚ್ಚುವ ಗುತ್ತಿಗೆ ಹುಡುಗರಿಗೆ. ಬಂದು ಹೋಗುವ ಜನ ಅಂತ ಅವರನ್ನು ಅಳೆಯುವುದೇ ಕಡಿಮೆ.

ಮಿತಿ ವಿಷಯ. ಇಲ್ಲಿ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ), ಯಾವುದೇ ಒಂದು ವರ್ಷದಲ್ಲಿ 50. ಭಾರತದಲ್ಲಿ ಒಂದು ವರ್ಷದ ಮಿತಿ 30, ಹಾಗಾಗಿ ಇಲ್ಲಿ ಬಿಗಿ ಜಾಸ್ತಿ ಅಂದುಕೊಳ್ಳಬೇಡಿ. ಸಾರ್ವಜನಿಕರಿಗೆ 1. ಇದೆಲ್ಲ ಸಹಜ ವಿಕಿರಣ ಕಳೆದ ಮೇಲಿನ ಲೆಕ್ಕ, ಪ್ರಪಂಚದ ಸರಾಸರಿಯಲ್ಲಿ ಆ ಸಹಜ ಪಾಲೇ ಸುಮಾರು 2.4ರಿಂದ 3 ಇದೆ. ಅದಕ್ಕೇ ಗಣಿ ಶುರುವಾಗುವ ಮುಂಚೆ ಆ ಜಾಗದ ಗಾಮಾ, ಧೂಳು, ನೀರು ಎಲ್ಲ ಅಳೆದಿಡಬೇಕು. ಆ ದಾಖಲೆ ಇಲ್ಲದಿದ್ದರೆ ಮುಚ್ಚುವಾಗ ಯಾವುದು ನೆಲದ್ದು, ಯಾವುದು ಗಣಿಯದ್ದು ಅಂತ ಜಗಳ ಹರಿಯುವುದೇ ಇಲ್ಲ.

1980ರ ದಶಕದಲ್ಲಿ ಇಲ್ಲಿನ ಒಣ ಪ್ಲಾಂಟ್‌ಗಳಲ್ಲಿ ಡೋಸ್ ನಿಜಕ್ಕೂ ಜಾಸ್ತಿ ಇತ್ತು. ಯಂತ್ರಗಳನ್ನು ಮುಚ್ಚಿ, ಧೂಳು ಎಳೆಯುವ ವ್ಯವಸ್ಥೆ ಮಾಡಿದ ಮೇಲೆ ಇಳಿಯಿತು. ಹಳೇ ವರದಿ ಓದುವಾಗ ಒಂದು ಗಮನದಲ್ಲಿರಲಿ: 2017ರಲ್ಲಿ ಐಸಿಆರ್‌ಪಿ (ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ) ಒಳಗೆಳೆದ ಥೋರಿಯಂನಿಂದ ಡೋಸ್ ಲೆಕ್ಕ ಹಾಕುವ ಗುಣಾಂಕಗಳನ್ನು ಬದಲಿಸಿತು, ಅದೇ ಧೂಳಿಗೆ ಈಗ ಕಾಗದದ ಮೇಲೆ ಡೋಸ್ ಏರುತ್ತದೆ. ಹಳೆಯದನ್ನೂ ಹೊಸದನ್ನೂ ಹಾಗೇ ಪಕ್ಕಪಕ್ಕ ಇಟ್ಟು ನೋಡಬೇಡಿ.

ಜೀವನ? ಹನ್ನೆರಡು ಗಂಟೆ ಶಿಫ್ಟ್. ದೂರದ ಸೈಟ್ ಆದರೆ ಪರ್ತ್‌ನಿಂದ ವಿಮಾನ, ಎಂಟು ದಿನ ಕೆಲಸ ಆರು ದಿನ ರಜೆ ಅನ್ನುವಂಥ ರೋಸ್ಟರ್. ಬೆಳಗ್ಗೆ ಗೇಟಲ್ಲಿ ಕುಡಿದಿದ್ದೀರಾ ಅಂತ ಊದಿಸುತ್ತಾರೆ. ಗಡ್ಡ ಇದ್ದರೆ ತೆಗೆಯಬೇಕಾಗುತ್ತದೆ, ಇಲ್ಲದಿದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಲ್ಲ. ಹೆಂಡತಿ ಮಕ್ಕಳು ಜೊತೆಗೆ ಬರುವುದಾದರೆ ರೇಡಿಯೇಷನ್‌ಗಿಂತ ಈ ರೋಸ್ಟರ್ ಬಗ್ಗೆ ಮನೆಯಲ್ಲಿ ಕೂತು ಮಾತಾಡಿ, ಕಷ್ಟ ಆಗುವುದು ಅದೇ.

ಸಹಿ ಹಾಕುವ ಮುಂಚೆ ಎರಡು ವಿಷಯ ಕೇಳಿ. ಕಳೆದ ವರ್ಷದ ಡೋಸ್ ವರದಿಯಲ್ಲಿ ಗುತ್ತಿಗೆಯವರ ಲೆಕ್ಕ ಬೇರೆಯಾಗಿ ಇದೆಯಾ? ರೇಡಿಯೇಷನ್ ಸೇಫ್ಟಿ ಆಫೀಸರ್ ಕೆಲಸ ನಿಲ್ಲಿಸಿ ಅಂದರೆ ಪ್ರೊಡಕ್ಷನ್‌ನವರು ನಿಲ್ಲಿಸುತ್ತಾರಾ? ಉತ್ತರ ಹಾರಿಕೆಯದ್ದಾದರೆ ಬೇರೆ ಸೈಟ್ ನೋಡಿ.