ಹಾಲು-ತುಪ್ಪ ಬಿಟ್ಟಾಯಿತು, ಸಂಕಟ ಬಿಡುತ್ತಿಲ್ಲ

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ಹುಳು ಸಾಕುತ್ತೇವೆ. ಎಂಟು ತಿಂಗಳ ಹಿಂದೆ ಮದುವೆ ಮುಗಿಸಿಕೊಂಡು ರಾತ್ರಿ ಬರುವಾಗ ನಮ್ಮ ಬೈಕು ರಸ್ತೆ ಬದಿ ನಿಂತಿದ್ದ ಲಾರಿಗೆ ಗುದ್ದಿತು. ನನ್ನ ಕಣ್ಣೆದುರೇ ಯಜಮಾನರು ಹೋಗಿಬಿಟ್ಟರು. ಈಗಲೂ ಲಾರಿ ಕಂಡರೆ ಮೈಯೆಲ್ಲ ಬೆವರುತ್ತದೆ. ಆ ರಸ್ತೆಗೆ ಹೋಗಲಾರದೆ ಗೂಡನ್ನು ಮೈದುನನ ಕೈಲಿ ಮಾರುಕಟ್ಟೆಗೆ ಕಳಿಸುತ್ತೇನೆ. 'ಬೇಗ ಹೊರಡಿ' ಎಂದು ಅವಸರ ಮಾಡಿದವಳು ನಾನೇ. ಆಶಾ ಕಾರ್ಯಕರ್ತೆ ಕೌನ್ಸೆಲಿಂಗ್‌ಗೆ ಹೋಗಿ ಅನ್ನುತ್ತಾರೆ. ಸಮಾಧಾನದ ಮಾತು ಊರೆಲ್ಲ ಹೇಳಿ ಆಯಿತು, ಅವರು ಇನ್ನೇನು ಹೇಳುತ್ತಾರೆ?

ಉತ್ತರ: ಸಮಾಧಾನ ಹೇಳುವುದು ಕೌನ್ಸೆಲಿಂಗ್ ಅಲ್ಲಮ್ಮ. ಅಲ್ಲಿ ಹೆಚ್ಚು ಮಾತಾಡುವವರು ನೀವು. ಊರಿನವರು 'ಅಳಬೇಡ, ಮರೆತುಬಿಡು' ಅನ್ನುತ್ತಾರೆ. ಅಲ್ಲಿ ಅದೇ ನೆನಪನ್ನು ಸ್ವಲ್ಪ ಸ್ವಲ್ಪವಾಗಿ, ನಿಮಗೆ ತಡೆಯುವಷ್ಟೇ ಹೊರಗೆ ತೆಗೆಸುತ್ತಾರೆ.

ನಿಮ್ಮಲ್ಲಿ ಎರಡು ಗಾಯ ಒಂದರ ಮೇಲೊಂದು ಕೂತಿವೆ. ಒಂದು, ಗಂಡನನ್ನು ಕಳೆದುಕೊಂಡ ದುಃಖ. ಅದು ಕಾಯಿಲೆಯಲ್ಲ. ಇನ್ನೊಂದು, ಅಪಘಾತದ ಆಘಾತ. ಸದ್ದಿಗೆ ಬೆಚ್ಚುವುದು, ಆ ದೃಶ್ಯ ಕಣ್ಣಿಗೆ ಕಟ್ಟಿದಂತೆ ಮರಳುವುದು, ಆ ಜಾಗ ತಪ್ಪಿಸಿ ಓಡಾಡುವುದು, ಇವೆಲ್ಲ ಒಂದು ತಿಂಗಳು ದಾಟಿದರೂ ಇಳಿಯದೆ ದಿನದ ಬದುಕಿಗೆ ಅಡ್ಡ ಬಂದರೆ ಅದನ್ನು ಪಿಟಿಎಸ್‌ಡಿ ಅನ್ನುತ್ತಾರೆ. ಈ ಎರಡನೆಯದು ದುಃಖಕ್ಕೆ ಬಾಗಿಲು ಹಾಕಿಬಿಡುತ್ತದೆ. ಯಜಮಾನರನ್ನು ನೆನೆದಾಗಲೆಲ್ಲ ಅವರ ಕೊನೆಯ ಗಳಿಗೆಯೇ ಕಣ್ಣಿಗೆ ಬರುತ್ತದೆ. ಅದಕ್ಕೆ ಹೆದರಿ ನೆನೆಯುವುದನ್ನೇ ನಿಲ್ಲಿಸುತ್ತೀರಿ. ಹಾಗಾಗಿ ಸಾಮಾನ್ಯವಾಗಿ ಆಘಾತಕ್ಕೇ ಮೊದಲು ಕೈ ಹಾಕುತ್ತಾರೆ.

ವಾರಕ್ಕೊಂದು ಸಲ, ಒಂದರಿಂದ ಒಂದೂವರೆ ಗಂಟೆ, ಒಟ್ಟು 8ರಿಂದ 15 ಭೇಟಿ ಬೇಕಾಗಬಹುದು. ಮೊದಲ ಒಂದೆರಡು ಭೇಟಿ ವಿಚಾರಣೆಗೆ ಮತ್ತು ಉಸಿರಾಟ ಕಲಿಯುವುದಕ್ಕೆ ಹೋಗುತ್ತದೆ: ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಒಳಗೆ, ಆರು ಎಣಿಸುವಷ್ಟು ನಿಧಾನ ಹೊರಗೆ, ಐದು ನಿಮಿಷ. ಇದನ್ನು ಇವತ್ತೇ ಶುರು ಮಾಡಿ. ಆದರೆ ಮೈ ನಡುಗುವಾಗ ಮಾತ್ರ ಮಾಡಿದರೆ ಕೈಗೆ ಹತ್ತುವುದಿಲ್ಲ, ಮನಸ್ಸು ತಣ್ಣಗಿರುವಾಗ ದಿನಕ್ಕೆರಡು ಸಲ ಮಾಡಿ ರೂಢಿಯಾಗಬೇಕು.

ಆಮೇಲೆ ಏಣಿ ಹತ್ತಿಸುವ ಕೆಲಸ. ಭಯಕ್ಕೆ ಸೊನ್ನೆಯಿಂದ ನೂರರವರೆಗೆ ನೀವೇ ಅಂಕ ಕೊಡುತ್ತೀರಿ. ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಮೇಲೆ ಕೂರುವುದು ಮೂವತ್ತು ಇರಬಹುದು, ಹಗಲು ಬಸ್ಸಿನಲ್ಲಿ ಆ ರಸ್ತೆ ದಾಟುವುದು ಅರವತ್ತು, ಆ ಜಾಗದಲ್ಲಿ ಇಳಿದು ನಿಲ್ಲುವುದು ತೊಂಬತ್ತು. ಕೆಳಗಿನ ಮೆಟ್ಟಿಲಿನಿಂದ ಶುರು. ಭಯ ಅರ್ಧಕ್ಕೆ ಇಳಿಯುವ ತನಕ ಅಲ್ಲೇ ಇರಬೇಕು, ಅದಕ್ಕೆ ಅರ್ಧ ಮುಕ್ಕಾಲು ಗಂಟೆ ಹಿಡಿಯಬಹುದು. ಅದೇ ಮೆಟ್ಟಿಲನ್ನು ನಾಲ್ಕಾರು ಸಲ ಹತ್ತಿ, ಅಂಕ ಇಳಿದ ಮೇಲೆಯೇ ಮುಂದಿನದು. ಬಹಳ ಜನ ಎಡವುವುದು ಇಲ್ಲೇ. ಭಯ ನೆತ್ತಿಗೇರಿದಾಗ ಎದ್ದು ಓಡಿದರೆ 'ಓಡಿದ್ದಕ್ಕೇ ಬದುಕಿದೆ' ಎಂದು ಮನಸ್ಸು ಪಾಠ ಕಲಿಯುತ್ತದೆ, ಮುಂದಿನ ಸಲ ಭಯ ಇನ್ನೂ ಹೆಚ್ಚು. ಗೂಡನ್ನು ಮೈದುನನ ಕೈಲಿ ಕಳಿಸುತ್ತಿರುವುದೂ ಅಂಥ ಒಂದು ಓಟವೇ. ಬೈಯುತ್ತಿಲ್ಲ, ಯಾರೇ ಆದರೂ ಹಾಗೇ ಮಾಡುತ್ತಾರೆ.

ಕಷ್ಟದ ಭಾಗ ಆ ರಾತ್ರಿಯನ್ನು ಮೊದಲಿನಿಂದ ಕೊನೆವರೆಗೆ ಹೇಳುವುದು. ಈಗ ನಡೆಯುತ್ತಿದೆ ಎಂಬಂತೆ, ಏನು ಕಂಡಿತು, ಏನು ಕೇಳಿಸಿತು, ಮೈಯಲ್ಲಿ ಏನಾಯಿತು, ಎಲ್ಲ. ಒಂದೇ ಕಥೆಯನ್ನು ಭೇಟಿಯಿಂದ ಭೇಟಿಗೆ ಮತ್ತೆ ಮತ್ತೆ. ಚೂರುಚೂರಾಗಿ ಬಿದ್ದಿದ್ದ ನೆನಪು ಜೋಡಿಸಿಕೊಂಡು, ಅದು 'ಮುಗಿದುಹೋದದ್ದು' ಎಂದು ಮನಸ್ಸಿಗೆ ಗೊತ್ತಾಗುವುದು ಹೀಗೆ. ಶುರುವಿನ ಕೆಲವು ವಾರ ಕೆಟ್ಟ ಕನಸು ಹೆಚ್ಚಾಗಬಹುದು. ಅದು ಚಿಕಿತ್ಸೆ ಕೈ ಕೊಟ್ಟ ಲಕ್ಷಣವಲ್ಲ, ಸಾಮಾನ್ಯವಾಗಿ ಮುಂದಿನ ವಾರಗಳಲ್ಲಿ ಇಳಿಯುತ್ತದೆ. ಈ ಹೇಳುವ ಭಾಗವನ್ನಾಗಲಿ ಏಣಿಯ ಮೇಲಿನ ಮೆಟ್ಟಿಲುಗಳನ್ನಾಗಲಿ ತರಬೇತಿ ಇಲ್ಲದವರ ಜೊತೆ ಮಾಡಬೇಡಿ.

'ನಾನೇ ಅವಸರ ಮಾಡಿದೆ' ಎಂಬುದಕ್ಕೆ 'ಇಲ್ಲ, ನಿನ್ನ ತಪ್ಪಲ್ಲ' ಎಂದರೆ ನಿಮ್ಮ ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ಹಾಳೆಯ ಮೇಲೆ ರೊಟ್ಟಿಯಂತೆ ಒಂದು ದುಂಡು ಬರೆಸುತ್ತಾರೆ. ಹಿಂದಿನ ದೀಪವಿಲ್ಲದೆ ಲಾರಿ ನಿಲ್ಲಿಸಿದ್ದರೆ ಅದರ ಚಾಲಕನ ಪಾಲು ಎಷ್ಟು, ಕತ್ತಲೆಯದು ಎಷ್ಟು, ರಸ್ತೆಯದು ಎಷ್ಟು, ಹೆಲ್ಮೆಟ್ಟಿನದು ಎಷ್ಟು ಎಂದು ತುಂಡು ಮಾಡುತ್ತಾ ಬಂದು, ನಿಮ್ಮ ಪಾಲನ್ನು ಕೊನೆಗೆ ಬರೆಯಬೇಕು. ಮೊದಲೇ ಬರೆದರೆ ಇಡೀ ರೊಟ್ಟಿ ನಿಮ್ಮದೇ ಆಗಿಬಿಡುತ್ತದೆ.

ದುಃಖದ ಮಾತಿಗೆ ಬಂದರೆ, 1999ರಲ್ಲಿ ಸ್ಟ್ರೋಬೆ ಮತ್ತು ಶೂಟ್ ಎಂಬ ನೆದರ್ಲೆಂಡ್ಸ್‌ನ ಸಂಶೋಧಕರು ಹೇಳಿದ್ದು ನಮ್ಮ ಮನೆಗಳಿಗೂ ಒಪ್ಪುತ್ತದೆ: ದುಃಖಿಸುವವರು ಅಳುವ ಕಡೆಗೂ ಬದುಕಿನ ಕೆಲಸದ ಕಡೆಗೂ ತೂಗುತ್ತಲೇ ಇರುತ್ತಾರೆ, ಎರಡೂ ಬೇಕು. ಎಡೆ ಇಡುವ ದಿನ ಮನಸಾರೆ ಅತ್ತುಬಿಡಿ. ಮರುದಿನ ಸೊಪ್ಪು ಕೊಯ್ಯುವಾಗ ಅವರ ನೆನಪೇ ಬರಲಿಲ್ಲವೆಂದು ನೊಂದುಕೊಳ್ಳಬೇಡಿ.

ಒಂದು ಸಣ್ಣ ಮಾತು. ಭೇಟಿಯ ದಿನ ಗೊತ್ತು ಮಾಡುವಾಗ ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಏಳುವ ವಾರ ಯಾವುದೆಂದು ಮೊದಲೇ ಹೇಳಿ. ಆ ವಾರ ಸೊಪ್ಪು ಹಾಕುವುದು ಬಿಟ್ಟು ಬರಲಾಗದು, ಒಂದು ಭೇಟಿ ತಪ್ಪಿದರೆ ಹಲವರು ಪೂರ್ತಿ ನಿಲ್ಲಿಸಿಬಿಡುತ್ತಾರೆ.

ಪ್ರಶ್ನೆ: ಗುಬ್ಬಿಯಿಂದ. ತಮ್ಮ ಆತ್ಮಹತ್ಯೆ ಮಾಡಿಕೊಂಡು ವರ್ಷವಾಯಿತು. ಅಮ್ಮ ಔಷಧಿ ಅಂಗಡಿಯ ನಿದ್ದೆ ಮಾತ್ರೆಯಲ್ಲೇ ಇದ್ದಾರೆ. ಡಾಕ್ಟರ ಹತ್ತಿರ ಹೋದರೆ ತಂಗಿಯ ಮದುವೆಗೆ ತೊಂದರೆ ಎಂದು ಹೆದರುತ್ತಾರೆ. ಎಲ್ಲಿಗೆ ಕರೆದೊಯ್ಯಲಿ?

ಉತ್ತರ: ಮೊದಲು ಮಾತ್ರೆ. ಸಾವಿನ ದುಃಖಕ್ಕೆ ಬೆಂಜೊಡಯಜೆಪೀನ್ ಎಂಬ ಬಗೆಯ ನಿದ್ದೆ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೇ ಇದೆ. ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ವೈದ್ಯರು ಹೇಳಿದಂತೆ ವಾರವಾರ ಇಳಿಸಬೇಕು.

ಎಲ್ಲಿಗೆ ಎಂದರೆ, ತುಮಕೂರಿನ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ನಿಮ್ಮಲ್ಲಿ ಯಾವ ವಾರ ಎಂದು ಕೇಳಿಕೊಂಡು ಹೋಗಿ. ಅಷ್ಟು ದೂರವೂ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. 'ನಾನೂ ಅವನ ಹಿಂದೆ ಹೋಗುತ್ತೇನೆ' ಎಂದು ಅಮ್ಮ ಅಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಬೆಳೆ ಔಷಧಿ ಮತ್ತು ಮಾತ್ರೆಗಳನ್ನು ಹೊರಗೆ ಸಾಗಿಸಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. 'ಅಂಥ ಯೋಚನೆ ಬರುತ್ತದಾ' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಓಪಿಡಿಯಲ್ಲಿ ಸಮಯ ಕಡಿಮೆ. 'ತಲೆನೋವು, ನಿದ್ದೆ ಇಲ್ಲ' ಎಂದಷ್ಟೇ ಹೇಳಿದರೆ ಅದಕ್ಕೇ ಮಾತ್ರೆ ಬರೆಯುತ್ತಾರೆ. 'ಮಗ ಆತ್ಮಹತ್ಯೆ ಮಾಡಿಕೊಂಡ, ಅವತ್ತಿನಿಂದ ಹೀಗೆ' ಎಂದು ಮೊದಲ ಮಾತಿಗೇ ಹೇಳಿ, ಮಾತಿನ ಚಿಕಿತ್ಸೆ ಕೊಡುವವರು ಇದ್ದಾರಾ ಎಂದು ಕೇಳಿ. ಮಾತ್ರೆ ಬರೆಯುವವರು ಮನೋವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು, ಖಾಸಗಿಯಾಗಿ ಹೋಗುವುದಾದರೆ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಮದುವೆಯ ಭಯಕ್ಕೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಚಿಕಿತ್ಸೆಯ ವಿವರ ಗೋಪ್ಯ. ಬೀಗರಾಗುವವರು ಬಂದು ಕೇಳಿದರೂ ಆಸ್ಪತ್ರೆ ಹೇಳುವಂತಿಲ್ಲ.

ಪ್ರಶ್ನೆ: ಮಾಲೂರಿನಿಂದ. ಆರು ವರ್ಷದ ಮೊಮ್ಮಗನಿಗೆ 'ಅಮ್ಮ ಊರಿಗೆ ಹೋಗಿದ್ದಾಳೆ' ಎಂದಿದ್ದೇವೆ. ದಿನಾ ಬಾಗಿಲಲ್ಲಿ ಕೂರುತ್ತಾನೆ.

ಉತ್ತರ: ಕಾಯುತ್ತಿದ್ದಾನೆ. ಅವನು ನಂಬುವವರು ಒಬ್ಬರು ಪಕ್ಕ ಕೂತು ಹೇಳಿ: 'ಅಮ್ಮ ಸತ್ತುಹೋದಳು. ಅವಳ ಮೈ ಕೆಲಸ ನಿಲ್ಲಿಸಿತು. ಮತ್ತೆ ಬರುವುದಿಲ್ಲ. ನಿನ್ನಿಂದ ಆದದ್ದಲ್ಲ.' 'ಮಲಗಿದ್ದಾಳೆ' ಅನ್ನಬೇಡಿ, ಮಕ್ಕಳು ಮಲಗುವುದಕ್ಕೇ ಹೆದರುತ್ತಾರೆ. ಅತ್ತು, ಐದು ನಿಮಿಷಕ್ಕೆ ಆಡಲು ಓಡಿದರೆ ತಡೆಯಬೇಡಿ. ಅದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುತ್ತಾನೆ, ಇಪ್ಪತ್ತು ಸಲವೂ ಅದೇ ಉತ್ತರ ಕೊಡಿ. ಶಾಲೆಯ ಟೀಚರಿಗೂ ಇದೇ ಮಾತನ್ನು ಹೇಳಿಡಿ.